ಭೂಮಿಯಾಚೆಯ ಜೀವಿಗಳ ಕುರಿತ ಮಕ್ಕಳ ಕುತೂಹಲಕ್ಕೆ ಒಂದು ಸಂಜೆ: ನಮ್ಮ ಸೀಮೆಯಲ್ಲಿ ತೋರಿಸಲು ಏನಿದೆ?

ಪ್ರಶ್ನೆ: ಬಾಗೇವಾಡಿ ವಿಜ್ಞಾನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಬಸವನ ಬಾಗೇವಾಡಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಪ್ರತಿವರ್ಷ ಅಕ್ಟೋಬರ್ 4ರಿಂದ 10ರವರೆಗೆ ಜಗತ್ತಿನಾದ್ಯಂತ ಬಾಹ್ಯಾಕಾಶ ಸಪ್ತಾಹ ನಡೆಯುತ್ತದೆ. 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಹಾರಿದ್ದು ಹಾಗೂ 1967ರ ಅಕ್ಟೋಬರ್ 10ರಂದು ಬಾಹ್ಯಾಕಾಶ ಒಪ್ಪಂದ ಜಾರಿಗೆ ಬಂದದ್ದು ಆ ಎರಡು ದಿನಾಂಕಗಳ ಹಿನ್ನೆಲೆ. ಈ ಸಲ ಆ ವಾರದ ಒಂದು ಸಂಜೆಯನ್ನು ಪೂರ್ತಿಯಾಗಿ ‘ಭೂಮಿಯಾಚೆ ಯಾರಾದರೂ ಇದ್ದಾರೆಯೇ’ ಎಂಬ ಒಂದೇ ಪ್ರಶ್ನೆಗೆ ಮೀಸಲಿಡಬೇಕೆಂದು ನನ್ನ ಆಸೆ.

ಇದಕ್ಕೆ ಮಕ್ಕಳೇ ಕಾರಣ. ನಮ್ಮ ತರಗತಿಯಲ್ಲಿ ಒಂದು ಪ್ರಶ್ನೆಪೆಟ್ಟಿಗೆ ಇದೆ. ಹೆಸರು ಬರೆಯದೆ ಚೀಟಿ ಹಾಕಬಹುದು ಎಂದು ಹೇಳಿದ ಮೇಲೆ, ಬೆಳಕು ಮತ್ತು ವಿದ್ಯುತ್ತಿನ ಪಾಠ ನಡೆಯುತ್ತಿರುವಾಗಲೂ ಅನ್ಯಗ್ರಹಗಳ ಬಗೆಗಿನ ಚೀಟಿಗಳೇ ಹೆಚ್ಚು ಬೀಳುತ್ತಿವೆ. ‘ಅಲ್ಲಿಯವರಿಗೂ ಹಸಿವಾಗುತ್ತದೆಯೇ?’, ‘ಅವರು ನಮ್ಮನ್ನು ಕಂಡರೆ ಮೊದಲು ಮನುಷ್ಯರನ್ನು ಮಾತಾಡಿಸುವರೋ, ಮರಗಳನ್ನೋ?’ ಎಂಬಂಥ ಪ್ರಶ್ನೆಗಳು. ಒಂದು ಚೀಟಿಯಲ್ಲಿ ‘ಅವರ ಊರಾಗ ಮಳಿ ಯಾವ ನಕ್ಷತ್ರಕ್ಕ ಬರತೈತಿ?’ ಎಂದು ಬರೆದಿತ್ತು. ಮಿರಗ, ಉತ್ತರಿ, ಹಸ್ತ ಎಂದು ಮಳೆಯನ್ನು ನಕ್ಷತ್ರದ ಹೆಸರಿನಿಂದಲೇ ಕರೆಯುವ ಮನೆಯ ಮಗು ಅದನ್ನು ಬರೆದಿರಬೇಕು. ನನಗೆ ಆ ಪ್ರಶ್ನೆಗೆ ಸಮಾಧಾನಕರವಾಗಿ ಉತ್ತರಿಸಲು ಆಗಿಲ್ಲ.

ಸಹೋದ್ಯೋಗಿಗಳಲ್ಲಿ ಕೆಲವರು, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಬಾರದ ವಿಷಯಕ್ಕೆ ಇಷ್ಟು ಸಮಯ ಏಕೆ ಎನ್ನುತ್ತಾರೆ. ಊರಿನ ಹಿರಿಯರೊಬ್ಬರು, ಇದುವರೆಗೆ ಒಬ್ಬರೂ ಕಾಣದಿರುವವರಿಗಾಗಿ ಹಬ್ಬ ಮಾಡುವುದು ಎಷ್ಟು ಸರಿ ಎಂದು ಗೌರವದಿಂದಲೇ ಕೇಳಿದರು. ನನ್ನ ಅಭಿಪ್ರಾಯ ಬೇರೆ. ಭಾಸ್ಕರಾಚಾರ್ಯರು 1150ರಲ್ಲಿ ಬರೆದ ‘ಸಿದ್ಧಾಂತ ಶಿರೋಮಣಿ’ಯ ಗೋಲಾಧ್ಯಾಯದಲ್ಲಿ, ಭೂಮಿಯ ಮೇಲೆ ಎಲ್ಲಿ ನಿಂತವರೂ ನೆಲ ತಮ್ಮ ಕೆಳಗಿದೆ, ತಾವು ಅದರ ಮೇಲಿದ್ದೇವೆ ಎಂದೇ ತಿಳಿಯುತ್ತಾರೆ ಎನ್ನುತ್ತಾರೆ. ಆಚೆ ಬದಿಯಲ್ಲಿರುವವರು ನಮ್ಮ ಎಣಿಕೆಯಲ್ಲಿ ತಲೆಕೆಳಗಾಗಿದ್ದರೂ, ನಾವು ಇಲ್ಲಿ ಇರುವಂತೆಯೇ ಅವರು ಅಲ್ಲಿ ನಿರಾತಂಕವಾಗಿ ಇದ್ದಾರೆ ಎಂಬ ಮಾತೂ ಅಲ್ಲಿದೆ. ಅವರು ತಮ್ಮ ಊರೆಂದು ಹೇಳಿದ ವಿಜ್ಜಡವಿಡ ನಮ್ಮ ವಿಜಯಪುರವೇ ಎಂದು ಕೆಲವು ವಿದ್ವಾಂಸರೂ, ಮಹಾರಾಷ್ಟ್ರದ ಚಾಳೀಸಗಾಂವ ಬಳಿಯ ಸ್ಥಳವೆಂದು ಇನ್ನು ಕೆಲವರೂ ವಾದಿಸುತ್ತಾರೆ. ಆ ವಾದ ಇತ್ಯರ್ಥವಾಗದಿದ್ದರೂ ಚಿಂತೆಯಿಲ್ಲ. ಕಣ್ಣಿಗೆ ಕಾಣದ ಜನರ ಕಡೆಯಿಂದ ನಿಂತು ಲೋಕವನ್ನು ನೋಡುವ ಆ ಶಕ್ತಿಯೇ ನಮ್ಮ ಮಕ್ಕಳ ಚೀಟಿಗಳಲ್ಲೂ ಇದೆ ಎಂದು ನನಗೆ ತೋರುತ್ತದೆ.

ನಮ್ಮಲ್ಲಿ ದೂರದರ್ಶಕವಿಲ್ಲ. ಬೆಂಗಳೂರಿಗೆ ಮಕ್ಕಳನ್ನು ಕರೆದೊಯ್ಯುವಷ್ಟು ಹಣವೂ ಇಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಸಿಗುವ, ಮಕ್ಕಳು ಕಣ್ಣಾರೆ ಕಾಣಬಹುದಾದ ಅಥವಾ ಕಿವಿಯಾರೆ ಕೇಳಬಹುದಾದ ಸಂಗತಿಗಳಿಂದಲೇ ಈ ಸಂಜೆಯನ್ನು ಕಟ್ಟಲು ಸಾಧ್ಯವೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ: ಕಲಾದಗಿ ಶಿಲೆ (ಬಾಗಲಕೋಟೆ)

ಅಕ್ಕೋರೇ, ನಮಸ್ಕಾರ. ನಾನು ನಿವೃತ್ತ ಭೂವಿಜ್ಞಾನಿ. ಆಕಾಶದ ವಿಷಯವನ್ನು ಬೇರೆಯವರು ಹೇಳಲಿ, ನಾನು ಕಲ್ಲಿನ ವಿಷಯವನ್ನು ಹೇಳುತ್ತೇನೆ. ನೀವು ಕೇಳಿದ ಪ್ರಶ್ನೆಗೆ ನಮ್ಮ ಜಿಲ್ಲೆಯ ಕಲ್ಲು ಬಹಳ ಹತ್ತಿರದ್ದು ಎಂಬುದನ್ನು ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ.

ಬಾಗಲಕೋಟೆ, ಬಾದಾಮಿ, ರಾಮದುರ್ಗದ ಸುತ್ತ ಹರಡಿರುವ ಶಿಲೆಗಳನ್ನು ಭೂವಿಜ್ಞಾನದಲ್ಲಿ ಒಟ್ಟಾಗಿ ಕಲಾದಗಿ ಶಿಲಾಸಮೂಹ ಎನ್ನುತ್ತೇವೆ. ಇದರಲ್ಲಿ ಎರಡು ಭಾಗಗಳಿವೆ. ಕೆಳಗಿನದು ಬಾಗಲಕೋಟೆ ಗುಂಪು, ಮಡಿಕೆಬಿದ್ದು ವಾಲಿದ ಪದರಗಳು. ಮೇಲಿನದು ಬಾದಾಮಿ ಗುಂಪು, ಬಹುಪಾಲು ಸಪಾಟಾಗಿ ಮಲಗಿದ ಮರಳುಗಲ್ಲು. ಚಾಲುಕ್ಯರು ಗುಹಾಲಯಗಳನ್ನು ಕೊರೆದದ್ದು ಇದರಲ್ಲಿಯೇ. ಬಾಗಲಕೋಟೆ ಗುಂಪಿನ ಪದರಗಳು ನೂರು ಕೋಟಿ ವರ್ಷಗಳಿಗೂ ಹಿಂದೆ, ಇಲ್ಲಿ ಆಳವಿಲ್ಲದ ಸಮುದ್ರವಿದ್ದಾಗ ಉಂಟಾದವು. ಆ ಗುಂಪಿನ ಸುಣ್ಣಕಲ್ಲಿನಲ್ಲಿ ಮತ್ತು ಅದರ ಬಳಗದ ಡೊಲೊಮೈಟ್ ಎಂಬ ಕಲ್ಲಿನಲ್ಲಿ ಅಲ್ಲಲ್ಲಿ ಸ್ಟ್ರೊಮಾಟೊಲೈಟ್‌ಗಳು ಕಾಣುತ್ತವೆ.

ಸ್ಟ್ರೊಮಾಟೊಲೈಟ್ ನೋಡಲು ಹೇಗಿರುತ್ತದೆ ಎಂದು ಹೇಳುತ್ತೇನೆ. ಒಡೆದ ಕಲ್ಲಿನ ಬದಿಗೆ ಸ್ವಲ್ಪ ನೀರು ಚಿಮುಕಿಸಿ ನೋಡಿದರೆ, ಅರ್ಧಕ್ಕೆ ಕೊಯ್ದ ಈರುಳ್ಳಿಯ ಹಾಗೆ ಒಂದರ ಮೇಲೊಂದು ಕವಿದ ತೆಳುಗೆರೆಗಳು ಎದ್ದು ಕಾಣುತ್ತವೆ. ಒಂದು ಗೆರೆ ಕಪ್ಪು ಬೂದಿ, ಮುಂದಿನದು ಮಾಸಲು ಬಿಳಿ. ಕೆಲವೆಡೆ ಅವು ಗುಮ್ಮಟದಂತೆ ಉಬ್ಬಿರುತ್ತವೆ, ಕೆಲವೆಡೆ ಬೆರಳುದ್ದದ ಕಂಬಗಳಾಗಿ ನಿಂತಿರುತ್ತವೆ. ಉಬ್ಬು ಯಾವಾಗಲೂ ಅಂದಿನ ಮೇಲ್ಮುಖಕ್ಕೇ ಇರುತ್ತದೆ. ಏಕೆಂದರೆ ಈ ಪದರಗಳನ್ನು ಕಟ್ಟಿದವು ಬೆಳಕನ್ನು ಅರಸಿ ಮೇಲಕ್ಕೆ ಬೆಳೆಯುತ್ತಿದ್ದ ಸೂಕ್ಷ್ಮಜೀವಿಗಳು. ಸಯನೋಬ್ಯಾಕ್ಟೀರಿಯಾ ಎಂಬ ಈ ಜೀವಿಗಳು ಸಮುದ್ರದ ತಳದಲ್ಲಿ ಅಂಟಂಟಾದ ಹಾಸಾಗಿ ಹರಡುತ್ತವೆ, ತೆರೆಗಳು ತಂದ ಸಣ್ಣ ಕಣಗಳು ಆ ಹಾಸಿಗೆ ಅಂಟುತ್ತವೆ, ಸುಣ್ಣ ಅದರ ಮೇಲೆ ಕೂರುತ್ತದೆ, ಬೆಳಕು ಸಿಗದಂತಾದ ಜೀವಿಗಳು ಹೂಳಿನ ಮೇಲೆ ಬಂದು ಮತ್ತೊಂದು ಹಾಸು ಹಾಸುತ್ತವೆ. ಹೀಗೆ ಸಾವಿರಾರು ವರ್ಷ ನಡೆದ ಕೆಲಸ ಒಂದು ಕಲ್ಲಾಗಿ ಉಳಿಯುತ್ತದೆ. ಆಸ್ಟ್ರೇಲಿಯಾದ ಪಶ್ಚಿಮ ತೀರದ ಶಾರ್ಕ್ ಬೇ ಎಂಬಲ್ಲಿ ಇಂಥವು ಇಂದಿಗೂ ಜೀವಂತವಾಗಿ ಬೆಳೆಯುತ್ತಿವೆ.

ಇದಕ್ಕೂ ಅನ್ಯಗ್ರಹಕ್ಕೂ ಏನು ಸಂಬಂಧ ಎಂದು ಮಕ್ಕಳು ಕೇಳುತ್ತಾರೆ. ಭೂಮಿಗೆ ಈಗ ಸುಮಾರು 454 ಕೋಟಿ ವರ್ಷ. ಸುಮಾರು 350 ಕೋಟಿ ವರ್ಷಗಳ ಹಿಂದಿನಿಂದ ಜೀವದ ಕುರುಹುಗಳು ದೊರೆಯುತ್ತವೆ. ಕಣ್ಣಿಗೆ ಕಾಣುವ ಗಾತ್ರದ ಪ್ರಾಣಿಗಳು ಬಂದದ್ದು ಸರಿಸುಮಾರು ಕೊನೆಯ 60 ಕೋಟಿ ವರ್ಷಗಳಲ್ಲಿ ಮಾತ್ರ. ಅಂದರೆ ಬೇರೆ ನಕ್ಷತ್ರದಿಂದ ಯಾರಾದರೂ ಭೂಮಿಯ ಚರಿತ್ರೆಯ ಯಾವುದೋ ಒಂದು ದಿನ ಇಲ್ಲಿಗೆ ಬಂದಿಳಿದಿದ್ದರೆ, ಬಹುಪಾಲು ದಿನಗಳಲ್ಲಿ ಅವರಿಗೆ ಸಿಗುತ್ತಿದ್ದದ್ದು ಕಲಾದಗಿಯ ಸಮುದ್ರದಲ್ಲಿದ್ದಂಥ ಅಂಟುಹಾಸು, ಅಷ್ಟೇ. ನಾವು ಬೇರೆ ಗ್ರಹಗಳಿಗೆ ಹೋದಾಗ ಸಿಗುವ ಜೀವವೂ, ಸಿಕ್ಕರೆ, ಅಂಥದ್ದೇ ಆಗಿರುವ ಸಂಭವ ಹೆಚ್ಚು. ನಾಸಾದ ಪರ್ಸಿವಿಯರೆನ್ಸ್ ರೋವರ್ 2021ರ ಫೆಬ್ರವರಿ 18ರಂದು ಮಂಗಳದ ಜೆಜಿರೊ ಕುಳಿಯಲ್ಲಿ ಇಳಿದದ್ದು ಅಲ್ಲಿ ಒಂದು ಕಾಲಕ್ಕೆ ಕೆರೆಯೂ ನದಿಮುಖವೂ ಇದ್ದವು ಎಂಬ ಕಾರಣಕ್ಕೆ. ಆ ಕೆರೆಯಂಚಿನ, ಸುಣ್ಣಕಲ್ಲಿನ ಬಳಗದ ಕಾರ್ಬೊನೇಟ್ ಶಿಲೆಗಳಲ್ಲಿ ಅದು ಹುಡುಕಬೇಕಾದ ವಿನ್ಯಾಸಗಳ ಪಟ್ಟಿಯಲ್ಲಿ ಸ್ಟ್ರೊಮಾಟೊಲೈಟ್‌ಗಳೂ ಇವೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಮಕ್ಕಳಿಗೆ ಹೇಳಲೇಬೇಕು, ಏಕೆಂದರೆ ಈ ಹುಡುಕಾಟದ ಸೊಗಸು ಇರುವುದೇ ಆ ಎಚ್ಚರದಲ್ಲಿ. 2016ರಲ್ಲಿ ಗ್ರೀನ್‌ಲ್ಯಾಂಡಿನ 370 ಕೋಟಿ ವರ್ಷ ಹಳೆಯ ಶಿಲೆಯಲ್ಲಿ ಸ್ಟ್ರೊಮಾಟೊಲೈಟ್ ಸಿಕ್ಕಿತೆಂದು ಒಂದು ತಂಡ ಪ್ರಕಟಿಸಿತು. 2018ರಲ್ಲಿ ಮತ್ತೊಂದು ತಂಡ ಅದೇ ಕಲ್ಲನ್ನು ಬೇರೆ ಬದಿಯಿಂದ ನೋಡಿ, ಅದು ಜೀವದ ಗುರುತಲ್ಲ, ಒತ್ತಡಕ್ಕೆ ಸಿಕ್ಕಿ ಶಿಲೆ ಮಡಿಚಿಕೊಂಡದ್ದರಿಂದ ಆದ ಆಕಾರ ಎಂದು ವಾದಿಸಿತು. ನಾವು ನಿಂತಿರುವ ಗ್ರಹದಲ್ಲಿ, ಕೈಯಲ್ಲಿ ಹಿಡಿದ ಕಲ್ಲಿನ ವಿಷಯದಲ್ಲೇ ಇಷ್ಟು ಕಷ್ಟವಿದೆ. 2024ರ ಜುಲೈನಲ್ಲಿ ಪರ್ಸಿವಿಯರೆನ್ಸ್ ಕಂಡ, ಚಿರತೆಯ ಮೈಮೇಲಿನಂಥ ಕಲೆಗಳಿದ್ದ ಬಂಡೆಯ ವಿವರಗಳನ್ನು 2025ರಲ್ಲಿ ಪ್ರಕಟಿಸಿದಾಗ ವಿಜ್ಞಾನಿಗಳು ಬಳಸಿದ ಮಾತು ‘ಜೀವದ ಗುರುತಿರಬಹುದಾದದ್ದು’ ಎಂದಷ್ಟೇ. ಸೂಕ್ಷ್ಮಜೀವಿಗಳಿಲ್ಲದೆಯೂ ಅಂಥ ಖನಿಜಗಳು ಉಂಟಾಗುವ ದಾರಿಗಳಿವೆ ಎಂದು ಅವರೇ ಬರೆದಿದ್ದಾರೆ. ಇಷ್ಟು ಆಸೆಯಿಟ್ಟುಕೊಂಡು, ಇಷ್ಟು ತಾಳ್ಮೆಯಿಂದ ಹುಡುಕುವ ಮನುಷ್ಯರ ಬಗ್ಗೆ ನನಗೆ ತುಂಬ ಅಭಿಮಾನವಿದೆ. ಹಬ್ಬ ಮಾಡಲು ಇದಕ್ಕಿಂತ ಒಳ್ಳೆಯ ಕಾರಣ ಬೇಕೆಂದು ನನಗನ್ನಿಸುವುದಿಲ್ಲ.

ಉತ್ತರ: ಬೆಳಗಾವಿಯ ಶ್ರೋತೃ

ಟೀಚರ್ ಅವರಿಗೆ ನಮಸ್ಕಾರಗಳು. ಕಿವಿಯಾರೆ ಕೇಳಬಹುದಾದದ್ದು ಏನಿದೆ ಎಂದು ಕೇಳಿದ್ದೀರಿ. ನನ್ನ ಉತ್ತರ ವಾಯೇಜರ್ ನೌಕೆಗಳ ಚಿನ್ನದ ಲೇಪದ ತಟ್ಟೆ.

1977ರಲ್ಲಿ ಹಾರಿದ ಎರಡು ವಾಯೇಜರ್ ನೌಕೆಗಳಲ್ಲಿ ಒಂದೊಂದು ತಾಮ್ರದ ಧ್ವನಿತಟ್ಟೆಯನ್ನು ಚಿನ್ನದ ಲೇಪ ಹಾಕಿ ಇಟ್ಟಿದ್ದಾರೆ. ಎಂದಾದರೂ ಯಾರಾದರೂ ಕಂಡರೆ ಕೇಳಲಿ ಎಂದು ಖಗೋಳವಿಜ್ಞಾನಿ ಕಾರ್ಲ್ ಸೇಗನ್ ಅವರ ನೇತೃತ್ವದ ತಂಡ ಅದನ್ನು ಸಿದ್ಧಪಡಿಸಿತು. ಅದರಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಅವುಗಳಲ್ಲಿ ಕನ್ನಡವೂ ಇದೆ, ಮರಾಠಿಯೂ ಇದೆ. ಬೆಳಗಾವಿಯಲ್ಲಿ ಎರಡೂ ಭಾಷೆಗಳನ್ನು ದಿನವಿಡೀ ಕೇಳುತ್ತ ಬೆಳೆದ ನನಗೆ, ಇವೆರಡೂ ಒಂದೇ ತಟ್ಟೆಯಲ್ಲಿ ಜೊತೆಯಾಗಿ ಸೌರಮಂಡಲದ ಆಚೆ ಹೋಗುತ್ತಿವೆ ಎಂಬುದು ಮನಸ್ಸಿಗೆ ಬಹಳ ಹಿತ ಕೊಡುವ ಸಂಗತಿ. ಕನ್ನಡದ ಸಾಲು ಚಿಕ್ಕದು, ಕನ್ನಡಿಗರ ಪರವಾಗಿ ಶುಭ ಹಾರೈಸುತ್ತದೆ. ನಾಸಾ ಈ ಧ್ವನಿಮುದ್ರಣಗಳನ್ನು ಅಂತರ್ಜಾಲದಲ್ಲಿ ಇಟ್ಟಿದೆ; ಶಾಲೆಯ ಸ್ಪೀಕರಿನಲ್ಲಿ ಕೇಳಿಸಬಹುದು.

ಅದೇ ತಟ್ಟೆಯ ಸಂಗೀತದ ಭಾಗದಲ್ಲಿ ಭಾರತದಿಂದ ಇರುವ ಒಂದೇ ಒಂದು ಕೃತಿ ಕೇಸರಬಾಯಿ ಕೇರಕರ್ ಅವರ ಭೈರವಿ. ಅವರು ಗೋವಾದ ಕೇರಿ ಎಂಬ ಹಳ್ಳಿಯವರು, ಜೈಪುರ ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರ ಶಿಷ್ಯೆ. ನಮ್ಮ ಮಲ್ಲಿಕಾರ್ಜುನ ಮನ್ಸೂರರು ಕಲಿತದ್ದು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಬುರ್ಜಿ ಖಾನರಲ್ಲಿ. ಆದ್ದರಿಂದ ಧಾರವಾಡ, ಬೆಳಗಾವಿಯ ಬೈಠಕ್ಕುಗಳಲ್ಲಿ ಕೂತು ಕೇಳಿದವರಿಗೆ ಆ ಗಾಯನದ ಬಳುಕು, ಉಸಿರಿನ ಲೆಕ್ಕ ಪರಕೀಯವಲ್ಲ. ಮೂರೂವರೆ ನಿಮಿಷದಷ್ಟು ಚಿಕ್ಕ ಮುದ್ರಣವದು. ಸ್ವರಕ್ಕೆ ನೇರವಾಗಿ ಕಾಲಿಡದೆ ಪಕ್ಕದಿಂದ ಬಂದು ಅದನ್ನು ಮುಟ್ಟುವ ರೀತಿ, ತಬಲಾದ ಸಮ್ಮಿಗೆ, ಅಂದರೆ ತಾಳದ ಸುತ್ತಿನ ಮೊದಲ ಪೆಟ್ಟಿಗೆ, ಸರಿಯಾಗಿ ಬಂದು ನಿಲ್ಲುವ ರೀತಿ ಎರಡನ್ನೂ ಮಕ್ಕಳಿಗೆ ಒಮ್ಮೆ ತೋರಿಸಿಕೊಟ್ಟು ಮತ್ತೆ ಕೇಳಿಸಿ. ನಮ್ಮಲ್ಲಿ ಭೈರವಿಯನ್ನು ಮೆಹಫಿಲಿನ ಕೊನೆಗೆ ಹಾಡುವ ರೂಢಿ ಇದೆ. ಅಪರಿಚಿತರ ಮುಂದೆ ಮೊದಲಿಗೆ ಹೋದ ನಮ್ಮ ರಾಗ ಅದೇ ಆಯಿತು.

ವಾಯೇಜರ್ 1 ಹಾರಿದ್ದು 1977ರ ಸೆಪ್ಟೆಂಬರ್ 5ರಂದು. ಕೇಸರಬಾಯಿಯವರು ತೀರಿಕೊಂಡದ್ದು ಅದೇ ತಿಂಗಳ 16ರಂದು. 2012ರ ಆಗಸ್ಟಿನಲ್ಲಿ ಆ ನೌಕೆ ಸೂರ್ಯನ ಗಾಳಿಯ, ಅಂದರೆ ಸೂರ್ಯನಿಂದ ಹೊಮ್ಮುವ ಕಣಗಳ ಪ್ರವಾಹದ, ಎಲ್ಲೆಯನ್ನು ದಾಟಿತು. ಈಗ ಅದು ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದ್ದು, ಸುಮಾರು 40,000 ವರ್ಷಗಳ ನಂತರ ಗ್ಲೀಸ 445 ಎಂಬ ನಕ್ಷತ್ರದಿಂದ ಎರಡು ಜ್ಯೋತಿರ್ವರ್ಷಕ್ಕಿಂತ ಕಡಿಮೆ ದೂರದಲ್ಲಿ ಹಾದುಹೋಗುತ್ತದೆ. ಕೇಳುವವರು ಸಿಗುವ ಸಂಭವ ಬಹಳ ಕಡಿಮೆ ಎಂದು ತಟ್ಟೆ ಕಳಿಸಿದವರಿಗೂ ಗೊತ್ತಿತ್ತು. ಗೊತ್ತಿದ್ದೂ ಶುಭಾಶಯ ಹೇಳಿದರಲ್ಲ, ಆ ದೊಡ್ಡತನವನ್ನು ನಿಮ್ಮ ಮಕ್ಕಳಿಗೆ ಹೇಳಿ.

ಉತ್ತರ: ಇಂಡಿ ನಿಂಬೆ ಬೆಳೆಗಾರ

ಅಕ್ಕೋರೇ, ನಿಮ್ಮ ಉದ್ದೇಶದ ಬಗ್ಗೆ ನನಗೆ ಗೌರವವಿದೆ. ಆದರೆ ಒಂದು ಮಾತು ಹೇಳದೆ ಇರಲಾರೆ. ನಮ್ಮ ಭಾಗದಲ್ಲಿ ಬೇಸಿಗೆ ಬಂದರೆ ಬೋರ್‌ವೆಲ್ ಬತ್ತುತ್ತದೆ, ಗಿಡ ಉಳಿಸಿಕೊಳ್ಳಲು ಟ್ಯಾಂಕರ್ ನೀರು ಹಾಕಿಸುತ್ತೇವೆ. ಮಂಗಳದಲ್ಲಿ ಕೋಟ್ಯಂತರ ವರ್ಷಗಳ ಹಿಂದೆ ಕೆರೆಯಿತ್ತು ಎಂದು ಸಂಭ್ರಮಿಸುವ ಮೊದಲು, ನಮ್ಮೂರಿನ ಕೆರೆ ಏಕೆ ತುಂಬುತ್ತಿಲ್ಲ ಎಂದು ಮಕ್ಕಳು ಕೇಳಬೇಡವೇ? ಇನ್ನೊಂದು ಆತಂಕವೂ ಇದೆ. ಹಾರುವ ತಟ್ಟೆ ಇಳಿಯಿತು, ಸರ್ಕಾರಗಳು ಮುಚ್ಚಿಟ್ಟಿವೆ ಎಂದು ಮೊಬೈಲಿನಲ್ಲಿ ಬರುವ ವಿಡಿಯೋಗಳನ್ನು ನನ್ನ ಮಗ ನಿಜವೆಂದೇ ನಂಬಿದ್ದಾನೆ. ಈ ಕುತೂಹಲಕ್ಕೆ ಹಬ್ಬ ಮಾಡಿದರೆ ಅಂಥ ನಂಬಿಕೆಗೂ ನೀರೆರೆದಂತೆ ಆಗುವುದಿಲ್ಲವೇ?

ಉತ್ತರ: ಗೋಳಗುಮ್ಮಟದ ಆಕಾಶ (ವಿಜಯಪುರ)

ಇಂಡಿಯ ಅಣ್ಣಾವ್ರೇ, ನಿಮ್ಮ ಎರಡೂ ಮಾತುಗಳು ತೂಕದವು. ನಾನು ಹವ್ಯಾಸಿ ಆಕಾಶವೀಕ್ಷಕ. ನನಗೆ ತಿಳಿದಷ್ಟು ಹೇಳುತ್ತೇನೆ.

ನೀರಿನ ಮಾತು ಮೊದಲು. ವಸ್ತುವನ್ನು ಮುಟ್ಟದೆ, ಅದರಿಂದ ಬಂದ ಬೆಳಕನ್ನು ಬಿಡಿಸಿ ನೋಡಿ ಅಲ್ಲೇನಿದೆ ಎಂದು ಹೇಳುವ ವಿದ್ಯೆ ಒಂದೇ. 2008ರಲ್ಲಿ ಹಾರಿದ ನಮ್ಮ ಚಂದ್ರಯಾನ-1ರಲ್ಲಿದ್ದ ಉಪಕರಣ ಚಂದ್ರನ ನೆಲದಲ್ಲಿ ನೀರಿನ ಅಣುಗಳ ಗುರುತನ್ನು ಹಿಡಿದದ್ದು ಅದರಿಂದಲೇ. ಜೇಮ್ಸ್ ವೆಬ್ ದೂರದರ್ಶಕ ದೂರದ ಗ್ರಹಗಳ ವಾಯುಮಂಡಲದಲ್ಲಿ ನೀರಾವಿಯನ್ನು ಹುಡುಕುವುದೂ, ಭೂಮಿಯ ಸುತ್ತ ತಿರುಗುವ ಉಪಗ್ರಹಗಳು ಬೆಳೆಯ ಒಣಗುವಿಕೆಯನ್ನು ಗುರುತಿಸುವುದೂ ಅದರಿಂದಲೇ. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಅಲ್ಲಿ ಹೆಸರು ಮತ್ತು ಮೆಂತ್ಯದ ಕಾಳುಗಳನ್ನು ಮೊಳಕೆ ಬರಿಸಿದರು. ಆ ಪ್ರಯೋಗವನ್ನು ರೂಪಿಸಿದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಧಾರವಾಡದ ಐಐಟಿ. ನಮ್ಮ ವಿಜಯಪುರದ ಕೃಷಿ ಕಾಲೇಜು ಅದೇ ವಿಶ್ವವಿದ್ಯಾಲಯದ್ದು. ಕೆರೆ ಏಕೆ ತುಂಬುತ್ತಿಲ್ಲ ಎಂಬ ಪ್ರಶ್ನೆಯನ್ನು ಮಕ್ಕಳು ಖಂಡಿತ ಕೇಳಬೇಕು. ಮಂಗಳದ ಕೆರೆ ಏಕೆ ಬತ್ತಿತು ಎಂದು ಕೇಳಲು ಕಲಿತ ಮಗು ಊರಿನ ಕೆರೆಯ ಬಗ್ಗೆಯೂ ಸುಮ್ಮನಿರುವುದಿಲ್ಲ ಎಂಬುದು ನನ್ನ ನಂಬಿಕೆ.

ವಿಡಿಯೋಗಳ ವಿಷಯದಲ್ಲಿ ನಿಮ್ಮ ಮಗನನ್ನು ಗದರಿಸಬೇಡಿ, ಅವನಿಗೆ ಒಂದು ಕಥೆ ಹೇಳಿ. 1967ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜೋಸೆಲಿನ್ ಬೆಲ್ ಎಂಬ ಸಂಶೋಧನಾ ವಿದ್ಯಾರ್ಥಿನಿಗೆ ಆಕಾಶದ ಒಂದು ಜಾಗದಿಂದ ಸುಮಾರು 1.33 ಸೆಕೆಂಡಿಗೊಮ್ಮೆ ತಪ್ಪದೆ ಬರುವ ರೇಡಿಯೊ ಮಿಡಿತ ಸಿಕ್ಕಿತು. ಅಷ್ಟು ಕ್ರಮಬದ್ಧವಾದದ್ದನ್ನು ಯಾರೋ ಬುದ್ಧಿವಂತರು ಕಳಿಸುತ್ತಿರಬಹುದೇ ಎಂಬ ಯೋಚನೆ ಅವರ ತಂಡಕ್ಕೂ ಬಂತು. ಹಸಿರು ಪುಟ್ಟ ಮನುಷ್ಯರು ಎಂದು ಅದಕ್ಕೆ ತಾತ್ಕಾಲಿಕ ಹೆಸರನ್ನೂ ಇಟ್ಟರು. ಆದರೆ ಅದನ್ನು ಡಂಗುರ ಸಾರಲಿಲ್ಲ. ಮತ್ತೆ ನೋಡಿದರು, ಆಕಾಶದ ಬೇರೊಂದು ದಿಕ್ಕಿನಲ್ಲೂ ಅಂಥದ್ದೇ ಮಿಡಿತ ಸಿಕ್ಕಿತು, ಕೊನೆಗೆ ಅವು ಸಿಡಿದ ದೊಡ್ಡ ನಕ್ಷತ್ರಗಳ ದಟ್ಟ ತಿರುಳುಗಳು, ಅಂದರೆ ಗಿರಗಿರನೆ ತಿರುಗುವ ನ್ಯೂಟ್ರಾನ್ ನಕ್ಷತ್ರಗಳು, ಪಲ್ಸಾರ್‌ಗಳು ಎಂದು ತಿಳಿಯಿತು. ಹತ್ತು ವರ್ಷಗಳ ನಂತರ ವಾಯೇಜರ್ ತಟ್ಟೆಯ ಹೊದಿಕೆಯ ಮೇಲೆ ನಮ್ಮ ಸೂರ್ಯನ ವಿಳಾಸ ಬರೆಯಬೇಕಾದಾಗ ಬಳಸಿದ್ದು 14 ಪಲ್ಸಾರ್‌ಗಳ ದಿಕ್ಕು ಮತ್ತು ಮಿಡಿತಗಳನ್ನೇ. ಹುಡುಕಿದ್ದು ಸಿಗಲಿಲ್ಲ, ಸಿಕ್ಕಿದ್ದು ಅದಕ್ಕಿಂತ ಕಡಿಮೆ ಅದ್ಭುತವೇನಲ್ಲ. ಇನ್ನು ರಾತ್ರಿಯ ಆಕಾಶದಲ್ಲಿ ಸಾಲಾಗಿ ಸಾಗುವ ದೀಪಗಳನ್ನು ಯಾರಾದರೂ ತೋರಿಸಿದರೆ, ಅವು ಇಂಟರ್ನೆಟ್ ಸೇವೆಗಾಗಿ ಹೊಸದಾಗಿ ಹಾರಿಸಿದ ಸ್ಟಾರ್‌ಲಿಂಕ್ ಉಪಗ್ರಹಗಳೇ ಎಂದು ಮೊದಲು ನೋಡಲಿ. 2019ರಿಂದ ಅಂಥ ಸಾಲುಗಳು ಎಲ್ಲೆಡೆ ಕಾಣುತ್ತಿವೆ.

ಈಗ ಅಕ್ಕೋರ ಸಂಜೆಗೆ ಬರುತ್ತೇನೆ. ಗೋಳಗುಮ್ಮಟದ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಸೂರ್ಯನನ್ನು ಆ ಗುಮ್ಮಟದಷ್ಟು ಎಂದು ಎಣಿಸಿದರೆ ಭೂಮಿ 40 ಸೆಂಟಿಮೀಟರಿನ ಒಂದು ಚೆಂಡಾಗುತ್ತದೆ, ಅದನ್ನು ಗುಮ್ಮಟದಿಂದ ಸುಮಾರು 4.7 ಕಿಲೋಮೀಟರ್ ದೂರದಲ್ಲಿ ಇಡಬೇಕಾಗುತ್ತದೆ. ಅದೇ ಅಳತೆಯಲ್ಲಿ ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿಯನ್ನು ಇಡಲು ಭೂಮಿಯ ಮೇಲೆ ಜಾಗ ಸಾಲದು. ನಿಜವಾದ ಚಂದ್ರ ನಮ್ಮಿಂದ ಎಷ್ಟು ದೂರವಿದ್ದಾನೋ ಅದರ ಮೂರು ಪಟ್ಟಿಗೂ ಆಚೆ ಇಡಬೇಕು. ಗುಮ್ಮಟವನ್ನು ಕಂಡ ಮಕ್ಕಳಿಗೆ ಈ ಲೆಕ್ಕವನ್ನು ಹಲಗೆಯ ಮೇಲೆ ಅವರಿಂದಲೇ ಮಾಡಿಸಿ.

ಅಷ್ಟು ದೂರದ ಗ್ರಹಗಳನ್ನು ಹೇಗೆ ಕಂಡರು ಎಂಬುದನ್ನೂ ಅದೇ ಗುಮ್ಮಟದಿಂದ ವಿವರಿಸಬಹುದು. 44 ಮೀಟರ್ ಅಗಲದ ಉರಿಯುವ ಬಿಂಬದ ಮುಂದೆ 40 ಸೆಂಟಿಮೀಟರಿನ ಚೆಂಡು ಹಾದುಹೋದರೆ ಬೆಳಕು ಹನ್ನೆರಡು ಸಾವಿರದಲ್ಲಿ ಒಂದು ಪಾಲಿನಷ್ಟು ತಗ್ಗುತ್ತದೆ. 2009ರಿಂದ 2018ರವರೆಗೆ ಕೆಲಸ ಮಾಡಿದ ಕೆಪ್ಲರ್ ದೂರದರ್ಶಕ ಒಂದೂವರೆ ಲಕ್ಷಕ್ಕೂ ಹೆಚ್ಚು ನಕ್ಷತ್ರಗಳನ್ನು ಒಟ್ಟಿಗೆ ದಿಟ್ಟಿಸುತ್ತ ಇಂಥ ಮಂಕನ್ನು ಹಿಡಿಯಿತು. ಸೂರ್ಯನಂಥ ನಕ್ಷತ್ರದ ಸುತ್ತ ಮೊದಲ ಗ್ರಹ ಸಿಕ್ಕದ್ದು 1995ರಲ್ಲಿ. ಅದನ್ನು ಕಂಡುಹಿಡಿದ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೋ ಅವರಿಗೆ 2019ರಲ್ಲಿ ನೊಬೆಲ್ ಬಂತು. ಅಲ್ಲಿಂದ ಈಚೆಗೆ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಹಗಳು ಖಚಿತವಾಗಿವೆ. ನಾನು ಶಾಲೆಯಲ್ಲಿದ್ದಾಗ ಪುಸ್ತಕದಲ್ಲಿ ಸೌರಮಂಡಲದ ಗ್ರಹಗಳಷ್ಟೇ ಇದ್ದವು. ಈ ಮಕ್ಕಳು ಎಷ್ಟು ದೊಡ್ಡ ಲೋಕದಲ್ಲಿ ಹುಟ್ಟಿದ್ದಾರೆ ಎಂಬುದನ್ನು ಯೋಚಿಸಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಬರಿಗಣ್ಣಿಗೆ ತೋರಿಸಲು ಎರಡು ನಕ್ಷತ್ರಗಳಿವೆ. 1960ರಲ್ಲಿ ಫ್ರಾಂಕ್ ಡ್ರೇಕ್ ಅವರು ಅಮೆರಿಕದ ಗ್ರೀನ್ ಬ್ಯಾಂಕಿನಲ್ಲಿ ರೇಡಿಯೊ ದೂರದರ್ಶಕವನ್ನು ಅನ್ಯಲೋಕದ ಸಂಕೇತಕ್ಕಾಗಿ ಮೊದಲ ಬಾರಿಗೆ ತಿರುಗಿಸಿದ್ದು ಟೌ ಸೆಟಿ ಮತ್ತು ಎಪ್ಸಿಲಾನ್ ಎರಿಡಾನಿ ಎಂಬ ಇವೆರಡರ ಕಡೆಗೆ. ಎರಡೂ ಸೂರ್ಯನನ್ನು ಹೋಲುವಂಥವು, 10ರಿಂದ 12 ಜ್ಯೋತಿರ್ವರ್ಷ ದೂರದವು. ಅಕ್ಟೋಬರಿನಲ್ಲಿ ಟೌ ಸೆಟಿ ರಾತ್ರಿ 10ರ ಹೊತ್ತಿಗಷ್ಟೇ ಆಗ್ನೇಯದಲ್ಲಿ ಚೆನ್ನಾಗಿ ಕಾಣುವಷ್ಟು ಎತ್ತರಕ್ಕೆ ಬರುತ್ತದೆ, ಹಸ್ತದ ಮೋಡಗಳೂ ಇರಬಹುದು. ಆದ್ದರಿಂದ ನಕ್ಷತ್ರ ನೋಡುವುದನ್ನು ಡಿಸೆಂಬರಿನ ಮೊದಲ ವಾರಕ್ಕೆ ಇಟ್ಟುಕೊಳ್ಳಿ. ಆಗ ರಾತ್ರಿ 9ರ ಹೊತ್ತಿಗೆ ಟೌ ಸೆಟಿ ದಕ್ಷಿಣದಲ್ಲಿ ಸಾಕಷ್ಟು ಎತ್ತರದಲ್ಲಿರುತ್ತದೆ, ಎಪ್ಸಿಲಾನ್ ಎರಿಡಾನಿ ಕೃತ್ತಿಕೆಯಿಂದ ದಕ್ಷಿಣಕ್ಕೆ ಇರುತ್ತದೆ. ಎರಡೂ ಮಂದ ನಕ್ಷತ್ರಗಳಾದ್ದರಿಂದ ಊರ ದೀಪಗಳಿಂದ ದೂರ, ಹೊಲದ ಕಡೆ ನಿಲ್ಲಬೇಕು.

ಮಳೆಯ ನಕ್ಷತ್ರ ಕೇಳಿದ ಮಗುವಿಗೆ ಹೀಗೆ ಹೇಳಬಹುದು. ನಮ್ಮ ಮಳೆಗಳ ಹೆಸರು ಸೂರ್ಯ ಯಾವ ನಕ್ಷತ್ರದ ನೇರಕ್ಕೆ ಇರುತ್ತಾನೋ ಅದರದ್ದು. ಟೌ ಸೆಟಿಯ ಸುತ್ತ ಯಾವುದಾದರೂ ಗ್ರಹದಲ್ಲಿ ಯಾರಾದರೂ ಇದ್ದು ಅವರೂ ಹಾಗೆಯೇ ಲೆಕ್ಕ ಇಟ್ಟರೆ, ಅವರು ಗುರುತು ಹಿಡಿಯುವುದು ಅವರ ಸೂರ್ಯ ಯಾವ ನಕ್ಷತ್ರದ ಬಳಿ ಇದ್ದಾನೆ ಎಂಬುದನ್ನು. ಅಲ್ಲಿಂದ ನೋಡಿದರೆ ನಮ್ಮ ಸೂರ್ಯನೇ ಒಂದು ಸಾಧಾರಣ ನಕ್ಷತ್ರವಾಗಿ, ನಮ್ಮ ಸ್ವಾತಿಯ ಹತ್ತಿರ ಕಾಣುತ್ತಾನೆ. ಅವರ ಹೊಲಗಳಿಗೆ ಮಳೆ ತರುವ ನಕ್ಷತ್ರಗಳ ಪಟ್ಟಿಯಲ್ಲಿ ನಾವೂ ಇರಬಹುದು.

ಉತ್ತರ: ಸೂಕ್ಷ್ಮಜೀವಿ ವಿದ್ಯಾರ್ಥಿನಿ (ಬಾಗಲಕೋಟೆ)

ಚಿಕ್ಕದೊಂದು ಸೇರ್ಪಡೆ. ಬೆಳಗಾವಿಗೆ ಹತ್ತಿರದ ಕೊಲ್ಹಾಪುರದಲ್ಲಿ 1938ರಲ್ಲಿ ಹುಟ್ಟಿದ ಖಗೋಳವಿಜ್ಞಾನಿ ಜಯಂತ ನಾರ್ಳೀಕರ್ ಅವರು, ಜೀವ ಬಾಹ್ಯಾಕಾಶದಿಂದ ಭೂಮಿಗೆ ಬಂದಿರಬಹುದೇ ಎಂಬ ಪ್ರಶ್ನೆಯನ್ನು ಪ್ರಯೋಗಕ್ಕೇ ಒಡ್ಡಿದವರು. 2005ರಲ್ಲಿ ಹೈದರಾಬಾದಿನಿಂದ ಇಸ್ರೊ ನೆರವಿನಲ್ಲಿ ಹಾರಿಸಿದ ಬಲೂನು 41 ಕಿಲೋಮೀಟರ್ ಎತ್ತರದವರೆಗೆ ಹೋಗಿ ಗಾಳಿಯನ್ನು ಹಿಡಿದು ತಂದಿತು. ಅದರಲ್ಲಿ ಮೂರು ಹೊಸ ಬ್ಯಾಕ್ಟೀರಿಯಾ ಪ್ರಭೇದಗಳು ಸಿಕ್ಕವು. ಒಂದಕ್ಕೆ ಆರ್ಯಭಟನ ಹೆಸರು, ಒಂದಕ್ಕೆ ಇಸ್ರೊ ಹೆಸರು, ಮತ್ತೊಂದಕ್ಕೆ ಇಂಗ್ಲೆಂಡಿನ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಅವರ ಹೆಸರು. ಅವು ಹೊರಗಿನಿಂದಲೇ ಬಂದವು ಎಂದು ಅದರಿಂದ ಸಾಬೀತಾಗುವುದಿಲ್ಲ ಎಂದೂ ಆ ತಂಡ ಹೇಳಿತು. ಆರ್ಯಭಟನ ಹೆಸರಿನ ಬ್ಯಾಕ್ಟೀರಿಯಾ ಮುಂದೆ ಹೊಲದ ಮಣ್ಣಿನಲ್ಲೂ ಸಿಕ್ಕಿತು, ಗಿಡಗಳ ಬೆಳವಣಿಗೆಗೆ ನೆರವಾಗುವುದೂ ತಿಳಿಯಿತು. ಇಂಡಿಯ ಕಾಕಾ ಅವರಿಗೆ ಈ ಸುದ್ದಿ ಇಷ್ಟವಾಗಬಹುದು.

ಬಾಗೇವಾಡಿ ವಿಜ್ಞಾನ ಶಿಕ್ಷಕಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಕ್ಟೋಬರಿನ ಸಂಜೆಗೆ ಕಲ್ಲು, ಭೈರವಿ ಮತ್ತು ಗುಮ್ಮಟದ ಲೆಕ್ಕ, ಡಿಸೆಂಬರಿನ ರಾತ್ರಿಗೆ ಹೊಲದಲ್ಲಿ ನಕ್ಷತ್ರ ಎಂದು ನಿಶ್ಚಯಿಸಿದ್ದೇನೆ. ಇಂಡಿಯ ಅಣ್ಣಾವ್ರು ಒಪ್ಪಿದರೆ ಅವರೂ ಮಗನೊಂದಿಗೆ ಬಂದು, ಕೆರೆಯ ಪ್ರಶ್ನೆಯನ್ನು ಮಕ್ಕಳ ಮುಂದೆ ಇಡಬೇಕೆಂದು ಕೋರುತ್ತೇನೆ. ಬಾಗಲಕೋಟೆಯ ಸರ್ ಅವರಲ್ಲಿ ಒಂದು ಪ್ರಶ್ನೆ: ಮಕ್ಕಳನ್ನು ಆ ಕಲ್ಲುಗಳಿರುವ ಜಾಗಕ್ಕೇ ಕರೆದುಕೊಂಡು ಬರಬಹುದೇ, ಅಥವಾ ಕಲ್ಲನ್ನೇ ಶಾಲೆಗೆ ತರುವುದು ಒಳ್ಳೆಯದೇ?

ಕಲಾದಗಿ ಶಿಲೆ (ಬಾಗಲಕೋಟೆ)

ಅಕ್ಕೋರೇ, ಮೊದಲ ಸಲ ಕಲ್ಲೇ ಶಾಲೆಗೆ ಬರಲಿ. ಚೆನ್ನಾಗಿ ಕಾಣುವ ಪದರಗಳು ಹೆಚ್ಚಾಗಿ ಕಲ್ಲುಗಣಿಯ ಅಂಚಿನಲ್ಲಿರುತ್ತವೆ, ಅಲ್ಲಿ ಮಕ್ಕಳನ್ನು ನಿಲ್ಲಿಸುವುದು ಕ್ಷೇಮವಲ್ಲ, ಮಾಲೀಕರ ಅನುಮತಿಯೂ ಬೇಕು. ನನ್ನ ಬಳಿ ಹಿಂದೆ ಗಣಿಯ ತ್ಯಾಜ್ಯದಿಂದ ಎತ್ತಿಟ್ಟುಕೊಂಡ ತುಂಡುಗಳಿವೆ, ಅವನ್ನು ನಾನೇ ತರುತ್ತೇನೆ. ಒಂದು ಬಕೆಟ್ ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷುಗಳು, ಸಿಕ್ಕಷ್ಟು ಭೂತಗನ್ನಡಿಗಳು, ಪ್ರಯೋಗಾಲಯದ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಇವನ್ನು ನೀವು ಸಿದ್ಧವಿಟ್ಟುಕೊಳ್ಳಿ. ಸುಣ್ಣಕಲ್ಲಿಗೆ ಒಂದು ಹನಿ ಹಾಕಿದರೆ ತಕ್ಷಣ ನೊರೆ ಏಳುತ್ತದೆ. ಡೊಲೊಮೈಟನ್ನು ಮೊದಲು ಗೀರಿ ಪುಡಿ ಮಾಡಿದರೆ ಮಾತ್ರ ಏಳುತ್ತದೆ. ಆಮ್ಲವನ್ನು ನಾವಿಬ್ಬರೇ ಮುಟ್ಟೋಣ. ಕಲ್ಲನ್ನು ಮಕ್ಕಳು ತೊಳೆಯಲಿ, ಪದರಗಳ ಉಬ್ಬು ಯಾವ ಕಡೆಗಿದೆ ಎಂದು ತಾವೇ ಗುರುತಿಸಿ, ನೂರು ಕೋಟಿ ವರ್ಷಗಳ ಹಿಂದೆ ಮೇಲುಗಡೆ ಯಾವುದಿತ್ತು ಎಂದು ಸೀಮೆಸುಣ್ಣದಿಂದ ಬಾಣದ ಗುರುತು ಹಾಕಲಿ.